ಕೊಯ್ಲು ಕರೆದ ಕಡೆಗೆ

ರೆಡ್ ರಿವರ್ ಕಣಿವೆಯಲ್ಲಿ ಸಕ್ಕರೆ ಬೀಟ್‌ನ ದೊಡ್ಡ ಕೊಯ್ಲು ಶುರುವಾಗುವುದು ಅಕ್ಟೋಬರ್ 1ರಂದು, ಅದೂ ನಡುರಾತ್ರಿ ಹನ್ನೆರಡು ದಾಟಿದ ಕೂಡಲೇ. ಅಮೆರಿಕದ ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಿಗೆ ಗಡಿಯಾಗಿ ಉತ್ತರಕ್ಕೆ ಹರಿಯುವ ಹೊಳೆ ಅದು. ಹಿಮಯುಗದ ಕೊನೆಯಲ್ಲಿ ಅಲ್ಲಿ ಅಗಸಿ ಎನ್ನುವ ಮಹಾ ಸರೋವರವಿತ್ತು. ಅದು ಬತ್ತಿ ಉಳಿದ ತಳವೇ ಈಗಿನ ಹೊಲ. ಕರಿ ಮಣ್ಣು, ಹುಡುಕಿದರೂ ಒಂದು ದಿಬ್ಬ ಸಿಗದಷ್ಟು ಮಟ್ಟಸ. ಆ ರಾತ್ರಿ ಎತ್ತ ನೋಡಿದರೂ ಹೊಲದ ತುಂಬ ಯಂತ್ರಗಳ ದೀಪ, ರಸ್ತೆಯ ತುಂಬ ಲಾರಿಗಳ ದೀಪ. ನೆಲ ಹೆಪ್ಪುಗಟ್ಟುವುದರೊಳಗೆ ಬೆಳೆಯನ್ನೆಲ್ಲ ಕಿತ್ತು ರಾಶಿ ಹಾಕಬೇಕು. ಹವೆ ಕೂಡಿಬಂದರೆ ಎರಡು ವಾರದ ಕೆಲಸ. ಅಷ್ಟು ಅವಸರದ ಕೆಲಸಕ್ಕೆ ಆ ಪುಟ್ಟ ಊರುಗಳಲ್ಲಿ ಕೈಗಳು ಸಾಲವು. ಅದಕ್ಕೇ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ದೇಶದ ಮೂಲೆಮೂಲೆಯಿಂದ ಆರ್‌ವಿಗಳು ಬಂದು ಕ್ಯಾಂಪ್‌ಗ್ರೌಂಡುಗಳಲ್ಲಿ, ಖಾಲಿ ಮೈದಾನಗಳಲ್ಲಿ ಸಾಲಾಗಿ ನಿಲ್ಲುತ್ತವೆ. ಕೆಲವು ವರ್ಷ ಆ ಸಾಲಿನಲ್ಲಿ ನಮ್ಮದೂ ಒಂದಿತ್ತು.

ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಕೆಲವಕ್ಕೆ ಎಂಜಿನ್ ಅದರಲ್ಲೇ ಇರುತ್ತದೆ, ಕೆಲವನ್ನು ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯಬೇಕು. ನಮ್ಮದು ಎಳೆಯುವ ಬಗೆಯದು, 26 ಅಡಿ ಉದ್ದದ ಹಳೆಯ ಟ್ರೇಲರ್. ಇಂಡಿಯಾನದ ಎಲ್ಕ್‌ಹಾರ್ಟ್‌ನಲ್ಲಿ ತಯಾರಾದದ್ದು. ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ಆ ಸೀಮೆಯಲ್ಲೇ ತಯಾರಾಗುತ್ತವೆ. ಒಂದು ಮಂಚ, ಎದುರುಬದುರು ಕೂರುವ ಎರಡು ಬೆಂಚು, ಗ್ಯಾಸ್ ಒಲೆ, ಪುಟ್ಟ ಸಿಂಕು, ನಿಂತು ಸ್ನಾನ ಮಾಡುವಷ್ಟು ಬಚ್ಚಲು. ನೆಲದಡಿ ಮೂರು ತೊಟ್ಟಿ: ಒಳ್ಳೆಯ ನೀರಿಗೆ ಒಂದು, ಪಾತ್ರೆ ತೊಳೆದ ನೀರಿಗೆ ಒಂದು, ಶೌಚದ್ದಕ್ಕೆ ಇನ್ನೊಂದು. ಈ ಮೂರು ತೊಟ್ಟಿಗಳ ಲೆಕ್ಕ ತಲೆಯಲ್ಲಿ ಇದ್ದರೆ ಸಂಸಾರ ಸಲೀಸು.

ಅಲ್ಲಿಗೆ ಹೇಗೆ ಬಂದೆವು ಅನ್ನುವುದನ್ನು ಬಿಚ್ಚಿ ಹೇಳಬೇಕು. ಸುತ್ತಾಟದ ಹುಚ್ಚಿನಿಂದ ಹೊರಟವರಲ್ಲ ನಾವು. ನಮ್ಮ ಯಜಮಾನರು ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದವು. ಅವನ್ನು ನಂಬಿಕೊಂಡಿದ್ದ ಸಣ್ಣ ಕಂಪನಿಗಳ ಪೈಕಿ ಎಷ್ಟೋ ಬಾಗಿಲು ಹಾಕಿದವು, ಇವರದ್ದೂ ಹೋಯಿತು. ಐವತ್ತೆಂಟು ತುಂಬಿದವರನ್ನು ಹೊಸದಾಗಿ ಕೆಲಸಕ್ಕೆ ಕರೆಯುವವರಿರಲಿಲ್ಲ. ಊರಿಗೆ ಊರೇ ಮನೆ ಮಾರಲು ಹೊರಟಿದ್ದರಿಂದ ನಮ್ಮ ಮನೆಯ ಬೆಲೆ ಅದರ ಮೇಲಿದ್ದ ಸಾಲಕ್ಕಿಂತ ಕೆಳಗಿಳಿಯಿತು. ಸೋಶಿಯಲ್ ಸೆಕ್ಯುರಿಟಿ ಪಿಂಚಣಿ 62ಕ್ಕೆ ಮುಂಚೆ ಸಿಗದು; 62ಕ್ಕೇ ತೆಗೆದುಕೊಂಡರೆ ಕೊನೆಯವರೆಗೂ ಕಡಿಮೆ ಮೊತ್ತ. ಮೆಡಿಕೇರ್ ಎಂಬ ಆರೋಗ್ಯ ವಿಮೆ 65ಕ್ಕೆ. ಆ ನಡುವಿನ ವರ್ಷಗಳನ್ನು ಹೇಗಾದರೂ ದಾಟಬೇಕಿತ್ತು. ಮಗಳು ತನ್ನ ಮನೆಗೇ ಬಂದಿರಿ ಎಂದಳು. ಅವಳಿಗೂ ಎರಡು ಚಿಕ್ಕ ಮಕ್ಕಳು, ಬಾಡಿಗೆ ಮನೆ. "ಕೈಕಾಲು ಗಟ್ಟಿ ಇರೋ ತನಕ ನಮ್ಮ ಅನ್ನ ನಾವೇ ದುಡ್ಕೊಳ್ಳೋಣ ಕಣೇ" ಅಂದರು ಇವರು. ನನಗೂ ಹಾಗೇ ಅನ್ನಿಸಿತ್ತು.

ಮನೆ ಕೈಬಿಟ್ಟಾಗ ಎಲ್ಲಕ್ಕಿಂತ ಹೆಚ್ಚು ಕಷ್ಟವಾದದ್ದು ಸಾಮಾನು ಹಂಚುವುದು. ಗ್ರೈಂಡರ್ ಒಬ್ಬರಿಗೆ, ಸೋಫಾ ಒಬ್ಬರಿಗೆ, ಗೊಂಬೆ ಹಬ್ಬದ ಗೊಂಬೆಗಳು ಮಗಳಿಗೆ. ಕುಕ್ಕರ್, ಮುದ್ದೆ ಕೋಲು, ಒಂದು ಕಬ್ಬಿಣದ ಬಾಣಲೆ, ದೇವರ ಪಟ ಜೊತೆಗೆ ಬಂದವು. ಕನ್ನಡ ಕೂಟದ ಗೆಳತಿಯರು ಬೀಳ್ಕೊಡುವಾಗ "ದೇಶ ಎಲ್ಲ ನೋಡ್ತೀರಿ, ಪುಣ್ಯವಂತರು" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಅದಕ್ಕೆ ಹೌದು ಎಂದರೂ ಅರ್ಧವಾಗುತ್ತಿತ್ತು, ಅಲ್ಲ ಎಂದರೂ ಅರ್ಧವಾಗುತ್ತಿತ್ತು. ಸುಮ್ಮನೆ ಕೈಮುಗಿದೆ.

ಇನ್ನು ಬೀಟ್ ಬಗ್ಗೆ. ಪಲ್ಯಕ್ಕೆ ಹಾಕುವ ಕೆಂಪು ಬೀಟ್‌ರೂಟ್ ಅಲ್ಲ ಇದು. ಮಾಸಲು ಬಿಳಿಯ, ಮೇಲೆ ದಪ್ಪ ಕೆಳಗೆ ಚೂಪು ಇರುವ, ಒಂದು ಕೈಗೆ ಭಾರ ಅನ್ನಿಸುವ ಗೆಡ್ಡೆ. ನಾನು ಮಂಡ್ಯ ಸೀಮೆಯವಳು. ನಮ್ಮ ಗದ್ದೆಗೆ ವಿ.ಸಿ. ನಾಲೆ ನೀರು, ಬೆಳೆದದ್ದು ಕಬ್ಬು, ಕಬ್ಬು ಹೋಗುತ್ತಿದ್ದದ್ದು 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಗೆ. ಸಕ್ಕರೆ ನೆಲದೊಳಗೆ ಗೆಡ್ಡೆಯಾಗಿ ಇರಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬೀಟ್‌ನೊಳಗೂ ಕಬ್ಬಿನದೇ ಸಕ್ಕರೆ ಇದೆ ಅಂತ 1747ರಲ್ಲಿ ಬರ್ಲಿನ್‌ನ ಆಂಡ್ರಿಯಾಸ್ ಮಾರ್ಗ್ರಾಫ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟ. ಈಗ ಅಮೆರಿಕದಲ್ಲೇ ಬೆಳೆದು ತಯಾರಾಗುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗೆಡ್ಡೆಯದೇ. ಕಣಿವೆಯ ದೊಡ್ಡ ಕಂಪನಿ ಅಮೆರಿಕನ್ ಕ್ರಿಸ್ಟಲ್ ಶುಗರ್. 1973ರಲ್ಲಿ ಬೀಟ್ ಬೆಳೆಗಾರರೇ ಒಟ್ಟಾಗಿ ಅದನ್ನು ಕೊಂಡುಕೊಂಡರು. ಅಂದಿನಿಂದ ಅದು ರೈತರ ಸಹಕಾರಿ. ಕಾರ್ಖಾನೆಯಿಂದ ಬರಬೇಕಾದ ಬಾಕಿಗೆ ಅಪ್ಪ ವರ್ಷಗಟ್ಟಲೆ ಅಲೆದದ್ದನ್ನು ಕಂಡಿದ್ದ ನನಗೆ, ಬೆಳೆದವರೇ ಕಾರ್ಖಾನೆಯ ಒಡೆಯರು ಅನ್ನುವ ಸಂಗತಿ ಬಹಳ ದಿನ ತಲೆಯಲ್ಲಿ ಸುತ್ತುತ್ತಿತ್ತು.

ನಮ್ಮ ಕೆಲಸ ಪೈಲರ್ ಎನ್ನುವ ಯಂತ್ರದ ಬುಡದಲ್ಲಿ. ಹೊಲದಿಂದ ಬಂದ ಲಾರಿ ಮೊದಲು ತೂಕದ ಮನೆಯ ಮುಂದೆ ನಿಲ್ಲುತ್ತದೆ, ಚೀಟಿ ಪಡೆದು ಪೈಲರ್ ಕಡೆಗೆ ಬರುತ್ತದೆ. ನಾವು ಕೈಸನ್ನೆ ಮಾಡಿ ಅದನ್ನು ಸರಿಯಾದ ಜಾಗಕ್ಕೆ ತರಬೇಕು. ಲಾರಿ ಹಿಂಬದಿ ಎತ್ತಿ ಬೀಟ್ ಸುರಿಯುತ್ತದೆ. ಯಂತ್ರ ಅದನ್ನು ಉರುಳೆಗಳ ಮೇಲೆ ಕುಲುಕಿ, ಮಣ್ಣು ಉದುರಿಸಿ, ಉದ್ದನೆಯ ತೋಳಿನ ತುದಿಯಿಂದ ರಾಶಿಯ ಮೇಲೆ ಚೆಲ್ಲುತ್ತದೆ. ಉದುರಿದ ಮಣ್ಣನ್ನು ಅದೇ ಲಾರಿಗೆ ವಾಪಸು ಹಾಕಿ ಕಳಿಸುತ್ತಾರೆ, ಹೊಲದ ಮಣ್ಣು ಹೊಲಕ್ಕೇ ಸೇರಬೇಕು. ಆ ಕ್ರಮ ನನಗೆ ತುಂಬ ಹಿಡಿಸಿತ್ತು. ಗೊತ್ತು ಮಾಡಿದ ಲಾರಿಗಳಿಂದ ಮಾದರಿ ತೆಗೆಯುವುದು ನನ್ನ ಪಾಲಿನ ಕೆಲಸ. ಕೊಳವೆಯ ಬಾಯಿಗೆ ಚೀಲ ಹಿಡಿದು, ಗುಂಡಿ ಒತ್ತಿ, ಬಿದ್ದ ಬೀಟ್ ಜೊತೆಗೆ ಆ ರೈತನ ಚೀಟಿ ಹಾಕಿ ಕಟ್ಟಬೇಕು. ಆ ಚೀಲ ಪ್ರಯೋಗಾಲಯಕ್ಕೆ ಹೋಗುತ್ತದೆ; ಅದರಲ್ಲಿ ಸಕ್ಕರೆ ಎಷ್ಟು, ಮಣ್ಣು ಎಷ್ಟು ಅನ್ನುವುದರ ಮೇಲೆ ಆ ರೈತನಿಗೆ ಬೆಲೆ. ಚೀಟಿ ಬದಲಾದರೆ ಒಬ್ಬನ ದುಡಿಮೆ ಇನ್ನೊಬ್ಬನ ಹೆಸರಿಗೆ. ಆದ್ದರಿಂದ ಎಷ್ಟೇ ನಿದ್ದೆ ಎಳೆಯಲಿ, ಚೀಟಿಯ ಅಂಕಿಯನ್ನು ಎರಡು ಸಲ ಓದದೆ ಚೀಲ ಕಟ್ಟುತ್ತಿರಲಿಲ್ಲ.

ಹನ್ನೆರಡು ಗಂಟೆಯ ಪಾಳಿ. ಹಗಲು ಒಂದು ತಂಡ, ರಾತ್ರಿ ಒಂದು ತಂಡ, ಭಾನುವಾರವೂ ಬಿಡುವಿಲ್ಲ. ನಾವು ರಾತ್ರಿಯವರು. ಉಣ್ಣೆಯ ಎರಡು ಪದರ, ಮೇಲೊಂದು ದಪ್ಪ ಕೋಟು, ಅದರ ಮೇಲೆ ಹೊಳೆಯುವ ಕಿತ್ತಳೆ ಜಾಕೆಟ್ಟು, ತಲೆಗೆ ಗಟ್ಟಿ ಟೋಪಿ. ಅಷ್ಟಾದರೂ ಮೂರು ಗಂಟೆಯ ಹೊತ್ತಿನ ಗಾಳಿಯನ್ನು ತಡೆಯಲು ಆ ಬಯಲಲ್ಲಿ ಒಂದು ಮರವಿಲ್ಲ. ಲಾರಿ ನಡುವೆ ಬಿಡುವು ಸಿಕ್ಕರೆ ಸಲಿಕೆ ಹಿಡಿದು ಚೆಲ್ಲಿದ ಬೀಟ್ ಎತ್ತಿಹಾಕುವುದು, ಉರುಳೆಗೆ ಮೆತ್ತಿದ ಅಂಟುಮಣ್ಣು ಕೆರೆಯುವುದು. ಮಳೆ ಬಂದು ನೆಲ ಕೆಸರಾದರೆ ಕೊಯ್ಲು ನಿಲ್ಲುತ್ತದೆ. ಬಿಸಿಲು ಹೆಚ್ಚಾದರೂ ನಿಲ್ಲುತ್ತದೆ, ಇದು ನನಗೆ ಹೊಸದು. ಗೆಡ್ಡೆ ಬೆಚ್ಚಗಿರುವಾಗ ರಾಶಿ ಹಾಕಿದರೆ ಒಳಗೇ ಉಸಿರಾಡಿ ತನ್ನ ಸಕ್ಕರೆಯನ್ನು ತಾನೇ ತಿಂದುಕೊಳ್ಳುತ್ತದೆ, ಆಮೇಲೆ ಕೊಳೆಯುತ್ತದೆ. ತಂಪಾಗಿ ರಾಶಿ ಬಿದ್ದರೆ ಮಾತ್ರ ಚಳಿಗಾಲದಲ್ಲಿ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ, ಕಾರ್ಖಾನೆ ವಸಂತದವರೆಗೂ ಅದರಿಂದ ಸಕ್ಕರೆ ತೆಗೆಯುತ್ತದೆ. ಕಬ್ಬಿಗೆ ಆ ತಾಳ್ಮೆ ಇಲ್ಲ. ಕಡಿದ ಕಬ್ಬು ಬೇಗ ಗಾಣಕ್ಕೆ ಬೀಳದಿದ್ದರೆ ತೂಕವೂ ಹೋಯಿತು, ಸಿಹಿಯೂ ಹೋಯಿತು. ಕಾರ್ಖಾನೆಯ ಮುಂದೆ ಎತ್ತಿನ ಗಾಡಿಗಳ ಸಾಲಿನಲ್ಲಿ ರಾತ್ರಿಯೆಲ್ಲ ಕಾದು ಬಂದ ಅಪ್ಪನ ಮುಖ ನನಗಿನ್ನೂ ಕಣ್ಣಮುಂದಿದೆ. ರಾಶಿ ಏರುತ್ತ ಏರುತ್ತ ಎರಡಾಳು ಮೂರಾಳೆತ್ತರ ದಾಟಿ ನಿಂತಾಗ ಇವರು ಒಂದು ರಾತ್ರಿ, "ಮಾವ ಇದ್ದಿದ್ರೆ ಇದನ್ನ ತೋರಿಸಬೋದಿತ್ತು" ಅಂದರು. ಅಪ್ಪನಿಗೆ ಅದು ಅರ್ಥವಾಗುತ್ತಿತ್ತು. ಇಡೀ ಅಮೆರಿಕದಲ್ಲಿ ಅಪ್ಪನಿಗೆ ಥಟ್ಟನೆ ಅರ್ಥವಾಗುವಂಥದ್ದು ಆ ರಾಶಿಯೊಂದೇ ಇರಬಹುದು.

ಬೆಳಗ್ಗೆ ಪಾಳಿ ಮುಗಿಸಿ ಬಂದಾಗ ಟ್ರೇಲರಿನೊಳಗೂ ಚಳಿ. ಗ್ಯಾಸ್ ಹೀಟರ್ ಹಚ್ಚಿ, ನೀರಿನ ಪೈಪು ಹೆಪ್ಪುಗಟ್ಟಿಲ್ಲವಲ್ಲ ಎಂದು ನೋಡಿ, ಆಮೇಲೆ ಒಲೆ. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕಿರುಚುತ್ತದೆ; ಆ ಚಳಿಯಲ್ಲೂ ಬಾಗಿಲು ತೆರೆದಿಟ್ಟು ಸಾಸಿವೆ ಸಿಡಿಸುತ್ತಿದ್ದೆ. ಮುದ್ದೆ, ಉಪ್ಸಾರು, ಬೆಳ್ಳುಳ್ಳಿ ಖಾರ. ಹನ್ನೆರಡು ಗಂಟೆ ನಿಂತ ಕಾಲಿಗೆ ರೊಟ್ಟಿ–ಸ್ಯಾಂಡ್‌ವಿಚ್ ಯಾವುದೂ ಸಾಲದು, ಮುದ್ದೆಯೇ ಬೇಕು. ಬಾಗಿಲು ತೆರೆದಿರುವುದು ಕಂಡು ಪಕ್ಕದ ಟ್ರೇಲರಿನ ಹೆಂಗಸು ಇಣುಕುತ್ತಿದ್ದಳು. ಕ್ಯಾನ್ಸಸ್ ಕಡೆಯವಳು, ಎಪ್ಪತ್ತು ದಾಟಿದವಳು, ಶಾಲೆಯೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಗಂಡನ ಕಾಯಿಲೆಗೆ ಮನೆ ಕರಗಿಹೋಗಿ, ಅವನೂ ಹೋದ ಮೇಲೆ ಒಬ್ಬಳೇ ಗಾಡಿ ಓಡಿಸಿಕೊಂಡು ಕೊಯ್ಲಿಗೆ ಬಂದಿದ್ದಳು. ಉಪ್ಸಾರಿನ ರುಚಿ ಅವಳಿಗೆ ಹತ್ತಿತು. ಅವಳು ಮಾಡಿದ ಜೋಳದ ಬ್ರೆಡ್ಡು ನಮಗೆ ಹತ್ತಿತು. ಇಂಥ ಚಳಿಯಲ್ಲಿ ನೀರಿನ ಪೈಪಿಗೆ ಹೀಟ್ ಟೇಪ್ ಸುತ್ತುವುದನ್ನು, ಟ್ರೇಲರಿನ ಸುತ್ತ ಕೆಳಗೆ ಹಲಗೆ ಕಟ್ಟಿ ಗಾಳಿ ತಡೆಯುವುದನ್ನು ನಮಗೆ ಕಲಿಸಿದವಳು ಅವಳೇ.

ಅವಳ ಜೊತೆ ಕೂತಾಗಲೆಲ್ಲ ನನಗೆ ನಮ್ಮೂರಿನ ಕಬ್ಬು ಕಡಿಯುವವರು ನೆನಪಾಗುತ್ತಿದ್ದರು. ಮಳೆಯಿಲ್ಲದ ಸೀಮೆಗಳಿಂದ ಕುಟುಂಬ ಕುಟುಂಬವೇ ಬರುತ್ತಿತ್ತು. ಗದ್ದೆ ಬದುವಿನಲ್ಲಿ ಗಳು ನೆಟ್ಟು, ಕಬ್ಬಿನ ಸೋಗೆ ಹೊದಿಸಿ ಗುಡಿಸಲು. ಮೂರು ಕಲ್ಲಿನ ಒಲೆ, ಒಂದು ಸೀರೆಯ ತೊಟ್ಟಿಲು. ನಸುಕಿಗೇ ಗದ್ದೆಗಿಳಿದು, ಕಡಿದು, ಸಿಗುರು ಸವರಿ, ಕಟ್ಟು ಕಟ್ಟಿ, ಗಾಡಿಗೆ ಹೊರುತ್ತಿದ್ದರು. ಕಬ್ಬು ಮುಗಿದ ಮರುದಿನ ನೋಡಿದರೆ ಬದುವಿನಲ್ಲಿ ಬೂದಿ ಮಾತ್ರ. ಅವರು ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನಾನು ಕಾಣೆ. ಅವ್ವ ಮಜ್ಜಿಗೆ ಕೊಡುತ್ತಿದ್ದಳು, ಹಬ್ಬದಲ್ಲಿ ಎಲೆ ತುಂಬ ಊಟ ಕೊಡುತ್ತಿದ್ದಳು. ಆದರೂ ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಇತ್ತ ನಾರ್ತ್ ಡಕೋಟದ ಒಂದು ಅಂಗಡಿಯಲ್ಲಿ ಕೆಸರು ಬೂಟು ಹಾಕಿಕೊಂಡು ಹಾಲು ಕೊಳ್ಳಲು ನಿಂತಾಗ ಹಣ ಎಣಿಸಿಕೊಳ್ಳುವ ಹುಡುಗಿ "ಬೀಟ್‌ಗೆ ಬಂದೋರಾ?" ಎನ್ನುತ್ತಿದ್ದಳು. ಅದರಲ್ಲಿ ತಾತ್ಸಾರವಿರಲಿಲ್ಲ, ಆ ಊರಿನವರು ಬಹಳ ಒಳ್ಳೆಯವರು. ಆದರೆ ಆ ಊರಿಗೆ ನಾವು ಬೀಟ್‌ಗೆ ಬಂದವರು, ಅಷ್ಟೇ. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದವಳು ಈಚೆ ಬದಿಗೆ ಬಂದಿದ್ದೆ.

ಬೇಸಿಗೆಯ ಕೆಲಸ ಬೇರೆ ಬಗೆಯದು. ಐಡಾಹೊ ರಾಜ್ಯದಲ್ಲಿ ಸಾಟೂತ್ ಎಂಬ ಬೆಟ್ಟಸಾಲಿದೆ. ಹೆಸರಿಗೆ ತಕ್ಕಂತೆ ಗರಗಸದ ಹಲ್ಲಿನಂಥ ಶಿಖರಗಳು. ಅದರ ಬುಡದ ಸ್ಟ್ಯಾನ್ಲಿ ಎಂಬ ಸಣ್ಣ ಊರು ಚಳಿಗೆ ಹೆಸರುವಾಸಿ, ಜುಲೈ ತಿಂಗಳಲ್ಲೂ ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರುವುದುಂಟು. ಅಲ್ಲಿನ ಕಾಡಿನ ಒಂದು ಕ್ಯಾಂಪ್‌ಗ್ರೌಂಡಿಗೆ ನಾವು ಹೋಸ್ಟುಗಳಾಗಿದ್ದೆವು. ಬಂದವರಿಗೆ ಜಾಗ ತೋರಿಸುವುದು, ಹಣದ ಲಕೋಟೆ ಲೆಕ್ಕ ಮಾಡುವುದು, ಸೌದೆ ಮಾರುವುದು, ಹೊರಟವರು ಬಿಟ್ಟುಹೋದ ಬೆಂಕಿಗುಂಡಿಯ ಬೂದಿ ಎತ್ತುವುದು. ಬೂದಿಗೆ ಬರಿಗೈ ಹತ್ತಿರ ಹಿಡಿದು ಕಾವು ಪೂರ್ತಿ ಆರಿದೆಯೇ ಎಂದು ನೋಡಲೇಬೇಕು. ಒಂದು ಕೆಂಡ ಉಳಿದರೂ ಆ ಒಣ ಕಾಡಿಗೆ ಸಾಕು. ನಮ್ಮ ಟ್ರೇಲರ್ ನಿಲ್ಲಲು ಜಾಗ ಕೆಲಸ ಕೊಟ್ಟವರದೇ, ಜೊತೆಗೆ ಗಂಟೆಯ ಲೆಕ್ಕದಲ್ಲಿ ಒಂದಿಷ್ಟು ಸಂಬಳ.

ಮತ್ತೆ ಶೌಚಾಲಯ. ಆ ಕಾಡಿನಲ್ಲಿ ನೀರಿನ ಸಂಪರ್ಕವಿಲ್ಲ. ನೆಲದಡಿ ದೊಡ್ಡ ಕಾಂಕ್ರೀಟು ತೊಟ್ಟಿ, ಮೇಲೊಂದು ಕೋಣೆ. ದಿನಾ ಬೆಳಗ್ಗೆ ಅವನ್ನೆಲ್ಲ ಉಜ್ಜಿ ತೊಳೆಯುವುದು ಹೋಸ್ಟುಗಳ ಮೊದಲ ಕೆಲಸ. ನಾನು ಹುಟ್ಟಿದ ಮನೆಯಲ್ಲಿ ಆ ಕೆಲಸಕ್ಕೆ ಬೇರೆ ಜನ ಬರುತ್ತಿದ್ದರು; ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದರು. ಒಳಗೆ ಹೆಜ್ಜೆ ಇಡುವಂತಿರಲಿಲ್ಲ, ಕೂಲಿಯನ್ನು ಕೈಗೆ ಮುಟ್ಟಿಸಿ ಕೊಡುತ್ತಿರಲಿಲ್ಲ. ಮೊದಲ ದಿನ ಬಕೆಟ್ಟು ಬ್ರಷ್ಷು ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಂತಾಗ ಮೂಗಿಗೆ ಬಂದ ವಾಸನೆಗಿಂತ ಆ ಹಿತ್ತಲ ಬಾಗಿಲೇ ಹೆಚ್ಚು ಕಾಡಿತು. ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದರೆ, ಕ್ಯಾಂಪಿಗೆ ಬಂದಿದ್ದ ಡಾಕ್ಟರ್ ದಂಪತಿ ನಮ್ಮನ್ನು ಕರೆದು ತಮ್ಮ ಮೇಜಿನಲ್ಲೇ ಕಾಫಿ ಕೊಟ್ಟರು. ಐದು ನಿಮಿಷದ ಹಿಂದೆ ಬ್ರಷ್ಷು ಹಿಡಿದಿದ್ದ ಕೈಗೇ ಕಪ್ಪು ಕೊಟ್ಟರು. ಮಂಡ್ಯದಲ್ಲಿರುವ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನ ಇಲ್ಲಿ ಯಾರ್ ಹತ್ರನೂ ಹೇಳ್ಬೇಡ ಕಣಕ್ಕ" ಅಂದಳು. ಅವಳ ಸಂಕಟ ನನಗೆ ತಿಳಿಯದ್ದೇನಲ್ಲ. ಆದರೆ ಹೇಳಬೇಕಾದ ಮಾತು ಇದ್ದರೆ ಅದೇ ಎಂದು ನನಗೆ ಅಂದಿನಿಂದ ಅನ್ನಿಸಿದೆ. ಒಬ್ಬರು ಮಾಡಲೇಬೇಕಾದ ಕೆಲಸವನ್ನು ಮಾಡಿದವರನ್ನು ಮುಟ್ಟದೆ ದೂರ ಇಡುವುದು ಪಾಪ. ಅದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ಸ್ಟ್ಯಾನ್ಲಿಯ ಪಕ್ಕ ರೆಡ್‌ಫಿಶ್ ಎಂಬ ಸರೋವರವಿದೆ. ಸಾಕೈ ಸ್ಯಾಲ್ಮನ್ ಎಂಬ ಮೀನು ಅಲ್ಲಿ ಹುಟ್ಟಿ, ಕೊಲಂಬಿಯಾ ನದಿಯ ದಾರಿಯಾಗಿ ಪೆಸಿಫಿಕ್ ಸಮುದ್ರ ಸೇರಿ, ಬಲಿತ ಮೇಲೆ ಮೊಟ್ಟೆ ಇಡಲು ಮತ್ತೆ ಅದೇ ಸರೋವರಕ್ಕೆ ಬರುತ್ತದೆ. ಸುಮಾರು 900 ಮೈಲಿ ಹೊಳೆಗೆ ಎದುರಾಗಿ ಈಜಬೇಕು, 6,500 ಅಡಿ ಎತ್ತರ ಏರಬೇಕು. ದಾರಿಯಲ್ಲಿ ಎಂಟು ಅಣೆಕಟ್ಟು. 1992ರಲ್ಲಿ ಒಂದೇ ಒಂದು ಮೀನು ಮರಳಿತ್ತು, ಗಂಡು. ಅದಕ್ಕೆ ಲೋನ್ಸಮ್ ಲ್ಯಾರಿ ಎಂದು ಹೆಸರಿಟ್ಟರು. ಆಮೇಲೆ ಮೀನುಸಾಕಣೆ ಕೇಂದ್ರಗಳಲ್ಲಿ ಮರಿ ಬೆಳೆಸಿ ಬಿಟ್ಟು ಆ ಕುಲವನ್ನು ಉಳಿಸಿಕೊಂಡಿದ್ದಾರೆ. ಸಂಜೆ ಕ್ಯಾಂಪಿನ ಮಕ್ಕಳಿಗೆ ಈ ಕತೆ ಹೇಳುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು, ಸಂಬಳದ ಲೆಕ್ಕಕ್ಕೆ ಸೇರದ ಕೆಲಸ. ಒಂದು ಹುಡುಗಿ, "ಅದು ಬಂದಾಗ ಇನ್ಯಾರೂ ಇರಲಿಲ್ವಾ?" ಎಂದು ಕಣ್ಣು ತುಂಬಿಕೊಂಡು ಕೇಳಿದ್ದಳು.

ಕೊಯ್ಲು ಮುಗಿದು ಕ್ರಿಸ್‌ಮಸ್ ಬರುವವರೆಗೆ ಗೋದಾಮುಗಳಲ್ಲಿ ಕೆಲಸ ಸಿಗುತ್ತಿತ್ತು. ಅಮೆಜಾನ್ 2008ರಿಂದ ಆರ್‌ವಿ ಜನರಿಗೆಂದೇ ಒಂದು ನೇಮಕಾತಿ ಯೋಜನೆ ನಡೆಸಿತ್ತು, ಈಗ ಅದು ಇಲ್ಲ. ನಾವು ಬೇರೊಂದು ಕಡೆ ಒಂದು ಚಳಿಗಾಲ ಪೆಟ್ಟಿಗೆ ಕಟ್ಟಿದೆವು. ಸಿಮೆಂಟು ನೆಲದ ಮೇಲೆ ನಡೆದೂ ನಡೆದೂ ಇವರ ಮಂಡಿ ಊದಿಕೊಂಡಿತು. ಮತ್ತೆ ಅತ್ತ ಹೋಗಲಿಲ್ಲ.

ಜನವರಿ ಬಂದರೆ ಅರಿಜೋನದ ಕ್ವಾರ್ಟ್‌ಸೈಟ್. ಮರಳುಗಾಡಿನ ಆ ಊರಿನ ಜನಸಂಖ್ಯೆ ಬೇಸಿಗೆಯಲ್ಲಿ ಕೆಲವೇ ಸಾವಿರ. ಚಳಿಗಾಲದಲ್ಲಿ ಸುತ್ತಲಿನ ಸರ್ಕಾರಿ ಬಯಲು ಆರ್‌ವಿಗಳಿಂದ ತುಂಬಿಹೋಗುತ್ತದೆ. ಲಾ ಪೋಸಾ ಎಂಬಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ನಿಲ್ಲಲು ನಮ್ಮ ಕಾಲಕ್ಕೆ 180 ಡಾಲರ್. ಕುಡಿಯುವ ನೀರಿನ ನಲ್ಲಿ, ತೊಟ್ಟಿ ಖಾಲಿ ಮಾಡುವ ಜಾಗ, ಕಸದ ಡಬ್ಬ ಅದರಲ್ಲೇ ಸೇರಿದ್ದು. ಕರೆಂಟಿಲ್ಲ, ಸೂರಿನ ಮೇಲಿನ ಸೋಲಾರ್ ಹಲಗೆ ಕೊಟ್ಟಷ್ಟೇ ಬೆಳಕು. ಊರಿನ ಸ್ಮಶಾನದಲ್ಲಿ ಹಾಯ್ ಜಾಲಿ ಎಂಬವನ ಪಿರಮಿಡ್ ಆಕಾರದ ಸಮಾಧಿ, ತುದಿಯಲ್ಲಿ ಲೋಹದ ಒಂಟೆ. ಬಂದಾಗ ಅವನ ಹೆಸರು ಹಾಜಿ ಅಲಿ. ಅಮೆರಿಕದ ಸೈನ್ಯ 1850ರ ದಶಕದಲ್ಲಿ ಮರಳುಗಾಡಿನ ಸಾಗಾಣಿಕೆಗೆ ಒಂಟೆಗಳನ್ನು ತರಿಸಿಕೊಂಡಾಗ ಅವುಗಳ ಜೊತೆ ಬಂದವನು. ಒಂಟೆಗಳ ಯೋಜನೆ ನಿಂತುಹೋಯಿತು, ಅವನು ಇಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಅವನ ಹೆಸರನ್ನು ಅಲ್ಲಿನವರ ಬಾಯಿ ತಿರುಚಿತು, ಆದರೂ ಊರು ಅವನನ್ನು ಮರೆಯದೆ ಇಟ್ಟುಕೊಂಡಿದೆ. ದೂರದಿಂದ ಒಂದು ಕೆಲಸಕ್ಕೆಂದು ಬಂದವನಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಪ್ರತಿ ಸಲ ಅಲ್ಲಿ ಹೋಗಿ ಒಂದು ಕಲ್ಲು ಇಟ್ಟು ಬರುತ್ತಿದ್ದೆ.

ಅಲ್ಲಿ ಸೇರಿದವರೆಲ್ಲ ನಮ್ಮಂಥವರಲ್ಲ. ದೊಡ್ಡ ಬಸ್ಸಿನಷ್ಟು ಗಾಡಿಯಲ್ಲಿ ಬಂದು ಬಿಸಿಲಿಗೆ ಮೈ ಕಾಯಿಸಿಕೊಂಡು ಹೋಗುವ ಉಳ್ಳವರೂ ಇದ್ದರು, ಹಳೆಯ ವ್ಯಾನಿನಲ್ಲಿ ಮಲಗುವವರೂ ಇದ್ದರು. ಹಲ್ಲು ನೋವಿನ ದಿನ ಆ ವ್ಯತ್ಯಾಸ ಕಾಣುತ್ತಿತ್ತು. ಆರೋಗ್ಯ ವಿಮೆ ಸಾಮಾನ್ಯವಾಗಿ ಹಲ್ಲಿಗೆ ಆಗುವುದಿಲ್ಲ. ಅದಕ್ಕೆ ಯೂಮಾ ಎಂಬ ಊರು ದಾಟಿ, ಗಡಿಯ ಈಚೆ ಗಾಡಿ ನಿಲ್ಲಿಸಿ, ನಡೆದುಕೊಂಡು ಮೆಕ್ಸಿಕೊದ ಲೋಸ್ ಅಲ್ಗೊದೋನೆಸ್‌ಗೆ ಹೋಗಬೇಕು. ನಾಲ್ಕು ಬೀದಿಯ ಆ ಊರಿನ ತುಂಬ ಹಲ್ಲಿನ ಡಾಕ್ಟರುಗಳು, ಕನ್ನಡಕದ ಅಂಗಡಿ, ಔಷಧಿ ಅಂಗಡಿ. ಅಮೆರಿಕದ ಪಿಂಚಣಿದಾರರು ಸಾಲುಗಟ್ಟಿ ಬರುತ್ತಾರೆ. ಜೀವಮಾನವಿಡೀ ದುಡಿದು ತೆರಿಗೆ ಕಟ್ಟಿದ ಹಿರಿಯರು ಒಂದು ಹಲ್ಲು ಕೀಳಿಸಲು ಪರದೇಶಕ್ಕೆ ನಡೆದು ಹೋಗುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ವಿಳಾಸದ ವಿಷಯವೂ ಹಾಗೇ. ಮನೆ ಇಲ್ಲದವರಿಗೆ ಲೈಸೆನ್ಸ್ ಯಾವ ರಾಜ್ಯದ್ದು, ಓಟು ಎಲ್ಲಿಯದು? ಸೌತ್ ಡಕೋಟದಲ್ಲಿ ಒಂದು ರಾತ್ರಿ ತಂಗಿದ ಕ್ಯಾಂಪ್‌ಗ್ರೌಂಡಿನ ರಸೀದಿ, ಅಂಚೆ ಸ್ವೀಕರಿಸಿ ಮುಂದಕ್ಕೆ ಕಳಿಸುವ ಸಂಸ್ಥೆಯೊಂದರ ವಿಳಾಸ ತೋರಿಸಿದರೆ ಆಗ ಲೈಸೆನ್ಸ್ ಕೊಡುತ್ತಿದ್ದರು. ನಾವೂ ಹಾಗೆ ಸೌತ್ ಡಕೋಟದವರಾದೆವು. ಆ ಕಾರ್ಡು ಕೈಗೆ ಬಂದ ದಿನ ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು.

ಪತ್ರಕರ್ತೆ ಜೆಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕದಲ್ಲಿ ಹೀಗೆ ಆರ್‌ವಿಯಲ್ಲಿ ಅಲೆದು ದುಡಿಯುವವರ ಬದುಕನ್ನು ಬರೆದರು. ಬೀಟ್ ಕೊಯ್ಲೂ, ಕ್ವಾರ್ಟ್‌ಸೈಟೂ ಅದರಲ್ಲಿವೆ. ಕ್ಲೋಯಿ ಜಾವೊ ಅದನ್ನು ಸಿನಿಮಾ ಮಾಡಿದರು, 2021ರಲ್ಲಿ ಆಸ್ಕರ್ ಬಂತು. ಸಿನಿಮಾ ನೋಡಿದ ಹಳೆಯ ಗೆಳತಿಯರು ಫೋನು ಮಾಡಿ ಅತ್ತರು. ಪುಣ್ಯವಂತರು ಎಂದಿದ್ದವರೇ ಈಗ ಪಾಪ ಎಂದರು. ನಾನು ಅವರಿಗೆ ಉಪ್ಸಾರಿನ ಬೆಳಗುಗಳನ್ನು ಹೇಳಿದೆ, ಪೈಪಿಗೆ ಟೇಪ್ ಸುತ್ತಲು ಬಂದ ಕೈಗಳನ್ನು ಹೇಳಿದೆ, ನಡುರಾತ್ರಿ ರಾಶಿಯ ಮೇಲೆ ಉತ್ತರದ ಆಕಾಶ ಹಸಿರಾಗಿ ಅಲುಗಾಡಿದಾಗ ಲಾರಿ ಚಾಲಕರೆಲ್ಲ ಇಳಿದು ನಿಂತದ್ದನ್ನು ಹೇಳಿದೆ. ಕಷ್ಟವೂ ನಿಜ, ಅದೂ ನಿಜ.

ಇವರಿಗೆ ಮೆಡಿಕೇರ್ ಬಂತು, ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಟ್ರೇಲರ್ ಮಾರಿ ಮಗಳ ಊರಿನಲ್ಲೇ ಹಿರಿಯರಿಗೆ ಕಡಿಮೆ ಬಾಡಿಗೆಗೆ ಸಿಗುವ ಮನೆಯೊಂದಕ್ಕೆ ಸೇರಿಕೊಂಡೆವು. ಆಮೇಲೊಂದು ಚಳಿಗಾಲ ಊರಿಗೆ ಹೋದೆ. ತಂಗಿಯ ಮಗ ಈಗ ಕಬ್ಬು ಬೆಳೆಯುತ್ತಾನೆ. ಕಡಿಯಲು ಬಂದವರು ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾದವರು. ಗುಡಿಸಲಿಗೆ ಸೋಗೆಯ ಬದಲು ನೀಲಿ ಟಾರ್ಪಾಲು ಬಂದಿದೆ, ಒಲೆ ಅದೇ ಮೂರು ಕಲ್ಲು. ಸಂಜೆ ಹೋಗಿ ಅಲ್ಲೊಬ್ಬಳು ನಡುವಯಸ್ಸಿನವಳ ಪಕ್ಕ ಕೂತೆ. ಹೆಸರು ಕೇಳಿದೆ, ಮಕ್ಕಳನ್ನು ಕೇಳಿದೆ. ದೊಡ್ಡವಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಾಳೆ, ಚಿಕ್ಕವನು ಇಲ್ಲೇ. ನಾನೂ ಹೀಗೇ ಗಾಡಿಯಲ್ಲಿ ಮನೆ ಕಟ್ಟಿಕೊಂಡು ಕೊಯ್ಲಿಗೆ ಹೋಗುತ್ತಿದ್ದೆ ಎಂದಾಗ ಅವಳು ನಂಬಲಿಲ್ಲ. ಫೋನಿನಲ್ಲಿ ಬೀಟ್ ರಾಶಿಯ ಚಿತ್ರ, ಕಿತ್ತಳೆ ಜಾಕೆಟ್ಟಿನ ನನ್ನ ಚಿತ್ರ ತೋರಿಸಿದೆ. ಹತ್ತಿರ ಹಿಡಿದು ನೋಡಿದಳು.

"ಅಡ್ವಾನ್ಸ್ ಎಷ್ಟ್ ಕೊಡ್ತಿದ್ರಮ್ಮ ಅಲ್ಲಿ?"

ಮುಂಗಡ ಇರಲಿಲ್ಲ, ದುಡಿದದ್ದು ಗಂಟೆಯ ಲೆಕ್ಕಕ್ಕೆ ಬರುತ್ತಿತ್ತು, ಕೊನೆಯವರೆಗೂ ಬಿಡದೆ ನಿಂತರೆ ಮೇಲೊಂದಿಷ್ಟು ಎಂದೆ.

"ಅಂದ್ರ ಸಾಲ ಇಲ್ಲ," ಅಂದಳು. "ನಡುವ ಬ್ಯಾಡ ಅನಿಸಿದ್ರ ಬಿಟ್ಟು ಹೋಗಬೋದಿತ್ತು."

ಹೋಗಬಹುದಿತ್ತು ಎಂದೆ. ಅವಳ ಬದುಕಿಗೂ ನನ್ನದಕ್ಕೂ ನಡುವಿನ ದೂರವನ್ನು ಅವಳು ಒಂದೇ ಪ್ರಶ್ನೆಯಲ್ಲಿ ಅಳೆದುಬಿಟ್ಟಿದ್ದಳು. ಅವರು ಮೇಸ್ತ್ರಿಯಿಂದ ಪಡೆದ ಮುಂಗಡ ತೀರುವವರೆಗೆ ಟನ್ನಿನ ಲೆಕ್ಕದಲ್ಲಿ ಕಡಿಯಬೇಕು. ಈ ವರ್ಷ ತೀರದಿದ್ದರೆ ಮುಂದಿನ ವರ್ಷವೂ ಅವನ ಹಿಂದೆಯೇ. ನಮಗೆ ಆ ಹಗ್ಗ ಇರಲಿಲ್ಲ. ಅಷ್ಟು ಹೊತ್ತಿಗೆ ಅವಳ ಗಂಡ ನೀರಿನ ಕೊಡ ತಂದಿಟ್ಟ. ಇಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳಿದೆ.

"ಇದು ಇನ್ನ ಎಂಟು ದಿನ ಆಗತ್ತ," ಅವಳು ಹಿಟ್ಟು ನಾದುತ್ತ ಹೇಳಿದಳು. "ಆಮೇಲೆ ಪಾಂಡವಪುರದ ಕಡೆ ಎರಡೆಕರೆ ಐತಂತ. ನೀವೂ ಬರ್ರಿ, ಕಟ್ಟು ಕಟ್ಟಾಕ ಬರತ್ತಲ್ಲ ನಿಮಗ."